ಮಾತಿಲ್ಲದ ಕುದುರೆ

(ಕಳೆದ ತಿಂಗಳು ನಮ್ಮೂರಿನ ವಾಚನಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟ ಹಾಗೇ ಇರಲಿ ಅಂತ ಜಾಸ್ತಿ ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ. ಈಗಷ್ಟೇ ನನಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಬಹಳ ಸಂತೋಷ. ಆದರೆ ಕೊಡುವಾಗ ಮೈಕಿನಲ್ಲಿ ನನ್ನ ಹೆಸರಿನ ಬದಲು ಹೋದ ಸಲ ಬಂದಿದ್ದವರ ಹೆಸರು ಹೇಳಿಬಿಟ್ಟರು. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಶಾಲು ನನ್ನ ಹೆಗಲ ಮೇಲೇ ಇದೆ, ಹಣ್ಣು ನಮ್ಮನೆಗೇ ಹೋಗುತ್ತದೆ. ನಮ್ಮಲ್ಲಿ ಅಲ್ಲಿಗೆ ಮುಗಿಯಿತು.

ಇವತ್ತು ನಾನು ಹೇಳಲು ಹೊರಟಿರುವುದು ಇಂಡೊನೇಷ್ಯಾದ ಸುಂಬಾ ದ್ವೀಪದ ಅನಕಲಂಗು ಜನರ ಬಗ್ಗೆ. ಅವರ ಊರಲ್ಲಿ ಹೀಗಾಗಿದ್ದರೆ ಮುಗಿಯುತ್ತಿರಲಿಲ್ಲ. ಅಲ್ಲಿ ಕೊಟ್ಟದ್ದು ಕೊಟ್ಟ ಹಾಗೆ ಆಗಬೇಕಾದರೆ ಜೊತೆಗೆ ಸರಿಯಾದ ಮಾತು ಇರಬೇಕು. ಅಂಗಳಕ್ಕೆ ಕುದುರೆ ತಂದು ಕಟ್ಟಿದಿರಿ ಅಂದುಕೊಳ್ಳಿ. ಮಾತಾಡದೆ ಕಟ್ಟಿದರೆ ಅದು ಬರೀ ಕುದುರೆ. ಇಂಥವರಿಂದ, ಇಂಥವರಿಗೆ, ಇಂಥ ಕಾರಣಕ್ಕೆ ಅಂತ ಹೇಳಬೇಕಾದವನು ಹೇಳಬೇಕಾದ ಹಾಗೆ ಹೇಳಿದರೆ ಮಾತ್ರ ಅದು ಉಡುಗೊರೆ. ಇನ್ನೊಂದು ಕಡೆಯಿಂದಲೂ ಇದು ನಿಜ. ಎಷ್ಟೇ ಚೆನ್ನಾಗಿ ಮಾತಾಡಿ, ಮಾತಿನ ಕೆಳಗೆ ಇಡಲು ಕೈಯಲ್ಲಿ ಏನೂ ಇಲ್ಲದಿದ್ದರೆ ಅದು ಗಾಳಿಮಾತು. ನಾನು ಈ ಜನರ ಬಗ್ಗೆ ಓದುತ್ತಾ ಹೋದಷ್ಟೂ ಈ ಒಂದು ಎಳೆ ಎಲ್ಲ ಕಡೆ ಸಿಗುತ್ತಾ ಹೋಯಿತು. ಮದುವೆಯಲ್ಲಿ, ಸಾವಿನಲ್ಲಿ, ದೇವರ ಮುಂದೆ, ಕೊನೆಗೆ ಸರ್ಕಾರದ ಕಚೇರಿಯಲ್ಲೂ.

ಮೊದಲೇ ಹೇಳಿಬಿಡುತ್ತೇನೆ. ನಾನು ಅಲ್ಲಿಗೆ ಹೋದವನಲ್ಲ. ಓದಿ ತಿಳಿದದ್ದು. ಅಮೆರಿಕದ ಮಾನವಶಾಸ್ತ್ರಜ್ಞ ವೆಬ್ ಕೀನ್ 1980ರ ದಶಕದಲ್ಲಿ ಅಲ್ಲಿ ಉಳಿದು ಆ ಜನರ ಮಾತುಗಾರಿಕೆಯ ಬಗ್ಗೆ ಬಹಳ ಬರೆದಿದ್ದಾರೆ. ಅವರ ಮೂಲಕವೇ ನನಗೆ ಈ ಊರು ಗೊತ್ತಾದದ್ದು.

ಊರು ಎಲ್ಲಿದೆ ಅಂತ ಹೇಳಿಬಿಡೋಣ. ಇಂಡೊನೇಷ್ಯಾದ ನಕ್ಷೆಯಲ್ಲಿ ಬಾಲಿಯಿಂದ ಪೂರ್ವಕ್ಕೆ ಹೋದರೆ ಲೊಂಬೊಕ್, ಸುಂಬಾವಾ, ಫ್ಲೋರೆಸ್ ಅಂತ ದ್ವೀಪಗಳ ಸಾಲು ಸಿಗುತ್ತದೆ. ಆ ಸಾಲಿನಿಂದ ಸ್ವಲ್ಪ ದಕ್ಷಿಣಕ್ಕೆ ಜಾರಿಕೊಂಡಂತೆ ಇನ್ನೊಂದು ದ್ವೀಪ ಇದೆ. ಅದೇ ಸುಂಬಾ. ಸುಂಬಾವಾ ಬೇರೆ, ಸುಂಬಾ ಬೇರೆ. ನಾನೇ ಮೊದಮೊದಲು ಗೊಂದಲ ಮಾಡಿಕೊಂಡಿದ್ದೆ. ವಿಸ್ತಾರದಲ್ಲಿ ನಮ್ಮ ತುಮಕೂರು ಜಿಲ್ಲೆಗಿಂತ ತುಸು ದೊಡ್ಡದು. ಅಕ್ಕಪಕ್ಕದ ದ್ವೀಪಗಳ ಹಾಗೆ ಇಲ್ಲಿ ಅಗ್ನಿಪರ್ವತ ಇಲ್ಲ. ಸುಣ್ಣಕಲ್ಲಿನ ನೆಲ, ಹುಲ್ಲುಗಾವಲು, ಒಣ ಬೆಟ್ಟ. ಈ ದ್ವೀಪದ ನಡುಭಾಗದಲ್ಲಿ ಅನಕಲಂಗ್ ಅನ್ನುವ ಸೀಮೆ. ಅಲ್ಲಿಯವರು ಅನಕಲಂಗು ಜನ, ಅವರ ಭಾಷೆಯ ಹೆಸರೂ ಅದೇ. 2007ರಲ್ಲಿ ಪಶ್ಚಿಮ ಸುಂಬಾವನ್ನು ಒಡೆದು ಮಧ್ಯ ಸುಂಬಾ ಅಂತ ಹೊಸ ಜಿಲ್ಲೆ ಮಾಡಿದರು. ಅನಕಲಂಗ್ ಈಗ ಅದರಲ್ಲಿದೆ.

ಆ ದ್ವೀಪಕ್ಕೂ ನಮಗೂ ಒಂದು ಹಳೇ ನಂಟಿದೆ. ಹಿಂದಿನ ನಾವಿಕರು ಸುಂಬಾವನ್ನು ಗಂಧದ ದ್ವೀಪ ಅಂತ ಕರೆಯುತ್ತಿದ್ದರು. ಅಲ್ಲಿಯ ಗಂಧ ಬೇರೆ ಯಾವುದೋ ಗಂಧ ಅಲ್ಲ. ನಮ್ಮ ಶ್ರೀಗಂಧದ್ದೇ ಜಾತಿ. ಕಡಿದು ಕಡಿದು ಸಾಗಿಸಿ ಈಗ ಅಲ್ಲಿ ಮರ ಉಳಿದಿರುವುದು ತೀರಾ ಕಡಿಮೆ. ಅದೂ ನಮ್ಮದೇ ಕಥೆ. ಗಂಧ ಖಾಲಿಯಾದ ಮೇಲೆ ಹೆಸರು ಮಾತ್ರ ಕುದುರೆಗೆ ಉಳಿಯಿತು. ಸುಂಬಾದ ಗಿಡ್ಡ ಕುದುರೆಗೆ ಇಂಡೊನೇಷ್ಯಾದಲ್ಲೆಲ್ಲ ಇವತ್ತಿಗೂ ಗಂಧದ ಹೆಸರೇ.

ಇರಲಿ, ಮನೆಯೊಳಗೆ ಹೋಗೋಣ.

ಸುಂಬಾದಲ್ಲಿ ಮನೆಗೆ ಉಮಾ ಅನ್ನುತ್ತಾರೆ. ಚಿತ್ರ ನೋಡಿದರೆ ಮರೆಯುವ ಹಾಗಿಲ್ಲ. ಕೆಳಗೆ ಅಗಲವಾದ ಹುಲ್ಲಿನ ಸೂರು, ಅದರ ನಟ್ಟನಡುವಿನಿಂದ ಟೋಪಿ ಹಾಕಿದ ಹಾಗೆ ಕಡಿದಾದ ಗೋಪುರ ಮೇಲೆದ್ದಿರುತ್ತದೆ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮನೆ. ಕೆಳಗೆ ಹಂದಿ, ಕೋಳಿ. ನಡುವೆ ಜನ. ಮೇಲೆ, ಆ ಗೋಪುರದ ಕತ್ತಲಲ್ಲಿ, ಹಿರೀಕರು. ಹಿರೀಕರು ಅಂದರೆ ಅವರು ಬಿಟ್ಟುಹೋದ ವಸ್ತುಗಳು. ಚಿನ್ನದ ಒಡವೆ, ಹಳೇ ಬಟ್ಟೆ, ಈಟಿ ಇಂಥವು. ಅವು ಮನೆಯವರ ಆಸ್ತಿ ಅಲ್ಲ, ಮರಾಪುವಿನ ಪಾಲು. ಯಾರೂ ಹತ್ತಿ ನೋಡುವ ಹಾಗಿಲ್ಲ. ಹೊರಗೆ ತೆಗೆಯಬೇಕಾದರೆ ಬಲಿ ಆಗಬೇಕು, ಮಾತು ಆಗಬೇಕು. ಕೆಳಗೆ ನಡುಮನೆಯಲ್ಲಿ ಒಲೆ. ಒಂದು ಬದಿ ಗಂಡಸರದ್ದು, ಇನ್ನೊಂದು ಹೆಂಗಸರದ್ದು.

ಮರಾಪು ಅಂದರೆ ಯಾರು? ತೀರಾ ಹಿಂದಿನ ಪೂರ್ವಜರು, ಕುಲದ ಮೂಲಪುರುಷರು. ಅವರನ್ನು ನಂಬುವ ಧರ್ಮಕ್ಕೂ ಮರಾಪು ಅಂತಲೇ ಹೆಸರು. ಇವರೆಲ್ಲರ ಮೇಲೆ ಒಬ್ಬ ಸೃಷ್ಟಿಕರ್ತ ಇದ್ದಾನೆ. ಆದರೆ ಅವನ ಹೆಸರು ಹೇಳಬಾರದು. ಪೂರ್ವ ಸುಂಬಾದಲ್ಲಿ ಅವನನ್ನು ಕರೆಯುವುದೇ ಹೀಗೆ: ಹೆಸರು ಎತ್ತಬಾರದವನು, ಹೆಸರಿನ ಜೋಡಿಯನ್ನೂ ಉಚ್ಚರಿಸಬಾರದವನು. ಗಂಡನ ಹೆಸರು ಹೇಳಬಾರದು ಅಂತ ನಮ್ಮ ಅಜ್ಜಿಯರು 'ಇವರು', 'ನಮ್ಮ ಮನೆಯವರು' ಅಂತ ಒದ್ದಾಡುತ್ತಿದ್ದರಲ್ಲ, ಅದು ನೆನಪಾಗುತ್ತದೆ. ಗೌರವ ಜಾಸ್ತಿ ಆದಷ್ಟೂ ನೇರ ಹೆಸರು ದೂರ.

ಅಂಥವನ ಹತ್ತಿರ ನೇರವಾಗಿ ಮಾತಾಡುವುದು ಸಾಧ್ಯವೇ? ಇಲ್ಲ. ಹಾಗಾಗಿ ಮಾತು ಕೈಯಿಂದ ಕೈಗೆ ಹೋಗುತ್ತದೆ. ಬದುಕಿರುವವರು ಸತ್ತ ಹಿರಿಯರಿಗೆ ಹೇಳುತ್ತಾರೆ. ಅವರು ತಮಗಿಂತ ಹಿಂದಿನವರಿಗೆ ದಾಟಿಸುತ್ತಾರೆ. ಹಾಗೇ ಮೇಲಕ್ಕೆ. ಮಾತನ್ನು ಹೊತ್ತುಕೊಂಡು ಹೋಗುವುದಕ್ಕೆ ಒಂದು ಪ್ರಾಣಿ ಬೇಕು. ಸಣ್ಣ ವಿಷಯಕ್ಕೆ ಕೋಳಿ, ದೊಡ್ಡದಕ್ಕೆ ಹಂದಿ, ಇನ್ನೂ ದೊಡ್ಡದಕ್ಕೆ ಕೋಣ. ಕೋಳಿಯನ್ನು ಹಿಡಿದು ಮಂತ್ರದಂಥ ಮಾತನ್ನೆಲ್ಲ ಹೇಳಿ ಮುಗಿಸಿ ಕೊಯ್ಯುತ್ತಾರೆ. ಆಮೇಲೆ ಹೊಟ್ಟೆ ಸೀಳಿ ಕರುಳು ನೋಡುತ್ತಾರೆ. ಹಂದಿಯಾದರೆ ಪಿತ್ತಜನಕಾಂಗ ನೋಡುತ್ತಾರೆ. ಅಲ್ಲಿರುವ ಗೆರೆ, ಬಣ್ಣ, ಚುಕ್ಕೆಗಳೇ ಉತ್ತರ. ಹೋದ ಕಾಗದಕ್ಕೆ ಮರುಟಪಾಲು ಅನ್ನಿ.

ಉತ್ತರ ಕೆಟ್ಟದಾಗಿ ಬಂದರೆ ಹುಡುಕಾಟ ಶುರು. ಮಕ್ಕಳು ಸಾಯುತ್ತಿದ್ದಾರೆ, ಬೆಳೆ ಕೈಗೆ ಹತ್ತುತ್ತಿಲ್ಲ, ಮನೆಗೆ ಸಿಡಿಲು ಬಡಿಯಿತು. ಯಾಕೆ? ಶಾಸ್ತ್ರ ಕೇಳಿದರೆ ಬಹಳ ಸಲ ಸಿಗುವ ಕಾರಣ ಮಾತಿನದ್ದೇ. ಅಜ್ಜ ಒಂದು ಕೋಣ ಕೊಡುತ್ತೇನೆ ಅಂತ ಹೇಳಿ ಕೊಟ್ಟಿರಲಿಲ್ಲ. ಅಥವಾ ಒಂದು ವಿಧಿಯಲ್ಲಿ ಹೇಳಬೇಕಾದ್ದನ್ನು ನಡುವೆ ಬಿಟ್ಟಿದ್ದರು. ಹರಕೆ ತೀರಿಸದೆ ಕಾಡಾಟ ಅಂತ ನಮ್ಮಲ್ಲೂ ಹೇಳುತ್ತಾರಲ್ಲ, ಹಾಗೆ. ಆದರೆ ಅಲ್ಲಿ ಹರಕೆಯಷ್ಟೇ ಅಲ್ಲ, ಹೇಳಿದ ರೀತಿ ತಪ್ಪಿದ್ದೂ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಸರಿಯಾಗಿ ಹೇಳುವುದು ಅಂದರೇನು? ಇದು ನನಗೆ ತುಂಬ ಹಿಡಿಸಿದ ಭಾಗ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಸುಂಬಾದ ವಿಧಿಯ ಮಾತು ಎಲ್ಲವೂ ಜೋಡಿ ಜೋಡಿ. ಒಂದು ಸಾಲು ಹೇಳಿದರೆ ಅದರ ಜೊತೆಗಾರ ಸಾಲು ಬರಲೇಬೇಕು. ಅರ್ಥ ಹತ್ತಿರದ್ದು, ಪದ ಬೇರೆ. ನಾವು ಊರು ಕೇರಿ, ಮನೆ ಮಠ, ಹೊಲ ಗದ್ದೆ, ನೆಂಟರು ಇಷ್ಟರು ಅನ್ನುತ್ತೇವಲ್ಲ, ಅದನ್ನೇ ಉದ್ದ ಮಾಡಿ ರಾತ್ರಿಯಿಡೀ ಮಾತಾಡಿದರೆ ಹೇಗಿರುತ್ತದೆ, ಯೋಚಿಸಿ. ಈ ಜೋಡಿಗಳನ್ನು ಯಾರೂ ಹೊಸದಾಗಿ ಕಟ್ಟುವುದಿಲ್ಲ. ಅವು ಪೂರ್ವಜರ ಮಾತು. ಸಾವಿರಾರು ಜೋಡಿಗಳು ಬಾಯಿಪಾಠ ಇರಬೇಕು. ಯಾವುದನ್ನು ಯಾವಾಗ ಎತ್ತಬೇಕು ಅನ್ನುವುದೇ ಜಾಣತನ.

ಈಗ ಒಂದು ಮದುವೆ ಮಾತುಕತೆ ನೋಡಿ. ಗಂಡಿನ ಕಡೆಯವರು ಬಂದಿದ್ದಾರೆ. ಮೊದಲು ಎಲೆ ಅಡಿಕೆ. ಎಲೆ ಅಂದೆ, ಆದರೆ ಅಲ್ಲಿ ಎಲೆಗಿಂತ ಜಾಸ್ತಿ ಬಳಸುವುದು ವೀಳ್ಯದ ಬಳ್ಳಿಯ ಕಾಯಿ. ಹಿಪ್ಪಲಿಯ ಥರ ಉದ್ದಕ್ಕೆ, ಹಸಿರಾಗಿ ಇರುತ್ತದೆ. ಅದನ್ನು ಸುಣ್ಣಕ್ಕೆ ಅದ್ದಿ ಅಡಿಕೆಯ ಜೊತೆ ಕಚ್ಚುತ್ತಾರೆ. ಯಾರ ಮನೆಗೆ ಹೋದರೂ ಇದು ಮೊದಲು. ಬಾಯಿ ಕೆಂಪಾಗದೆ ಮಾತು ಶುರುವಾಗುವುದಿಲ್ಲ.

ಆಮೇಲೆ ಎರಡೂ ಕಡೆಯವರು ದೂರ ದೂರ ಕೂರುತ್ತಾರೆ. ಹುಡುಗನ ಅಪ್ಪ, ಹುಡುಗಿಯ ಅಪ್ಪ ಮಾತಾಡುವುದಿಲ್ಲ! ಅವರು ಹಿಂದೆ ಎಲ್ಲೋ ಸುಮ್ನೆ ಕೂತಿರುತ್ತಾರೆ. ಮಾತಾಡುವುದಕ್ಕೆ ಎರಡೂ ಕಡೆಗೆ ಒಬ್ಬೊಬ್ಬ ಮಾತುಗಾರ ಇರುತ್ತಾನೆ. ಇವನು ಜೋಡಿಮಾತಿನಲ್ಲಿ ಒಂದು ವಿಷಯ ಎತ್ತುತ್ತಾನೆ. ಅವನು ಕೇಳಿಸಿಕೊಂಡು ತನ್ನವರಿಗೆ ದಾಟಿಸುತ್ತಾನೆ, ಉತ್ತರ ತರುತ್ತಾನೆ. ಪ್ರತಿ ಮಾತಿನ ಜೊತೆಗೂ ಏನಾದರೂ ಒಂದು ವಸ್ತು ದಾಟಬೇಕು. ತಟ್ಟೆಯಲ್ಲಿ ಅಡಿಕೆ, ಇಲ್ಲವೇ ಸ್ವಲ್ಪ ದುಡ್ಡು, ಇಲ್ಲವೇ ಒಂದು ಒಡವೆ. ಅದು ಆ ಮಾತಿಗೆ ಅಡಿಪಾಯ. ವಸ್ತು ಚಿಕ್ಕದಾಯಿತು ಅಂತ ವಾಪಸ್ಸು ಕಳಿಸಬಹುದು. ಮಾತು ಸರಿಯಾಗಲಿಲ್ಲ ಅಂತಲೂ ಮುನಿಸಿಕೊಳ್ಳಬಹುದು. ಎದ್ದು ಹೊರಡುತ್ತೇವೆ ಅನ್ನುವುದು, ಕೂರಿಸುವುದು ಎಲ್ಲ ನಡೆಯುತ್ತದೆ. ಬೆಳಗಿನ ಜಾವದ ತನಕ.

ಇದನ್ನು ಓದುವಾಗ ನನಗೆ ನಮ್ಮ ದೊಡ್ಡಪ್ಪ ಕಣ್ಣ ಮುಂದೆ ಬಂದರು. ನನ್ನ ಅಕ್ಕನ ನಿಶ್ಚಿತಾರ್ಥದಲ್ಲಿ ತಟ್ಟೆ ಬದಲಾಯಿಸುವ ಹೊತ್ತು. ಫೋಟೋದವನು ಅವಸರ ಮಾಡುತ್ತಿದ್ದ. ನಮ್ಮಪ್ಪ ತೆಂಗಿನಕಾಯಿ, ಎಲೆ ಅಡಿಕೆ ಇಟ್ಟ ತಟ್ಟೆಯನ್ನು ಬೀಗರ ಕಡೆ ಚಾಚಿಯೇಬಿಟ್ಟರು. ದೊಡ್ಡಪ್ಪ ಕೈ ಅಡ್ಡ ಹಿಡಿದು, "ಸುಮ್ನೆ ಚಾಚ್ಬೇಡ ಕಣೋ. ಇಂಥವರ ಮೊಮ್ಮಗಳು, ಇಂಥವರ ಮಗಳು, ಇಂಥವರ ಮನೆಗೆ ಅಂತ ಬಾಯ್ಬಿಟ್ಟು ಹೇಳು, ಆಮೇಲೆ ಕೊಡು" ಅಂದರು. ಅಪ್ಪನಿಗೆ ಬೀಗರ ತಾತನ ಹೆಸರು ಮರೆತುಹೋಗಿತ್ತು. ಇಡೀ ಚಪ್ಪರ ಕಾಯಿತು. ದೊಡ್ಡಪ್ಪನನ್ನು ಅನಕಲಂಗಿಗೆ ಕಳಿಸಿದ್ದರೆ ಒಳ್ಳೇ ಬೇಡಿಕೆ ಇರುತ್ತಿತ್ತು.

ಯಾರು ಏನು ಕೊಡಬೇಕು ಅನ್ನುವುದೂ ಖಚಿತ. ಹೆಣ್ಣು ತರುವವರು ಕುದುರೆ, ಕೋಣ, ಲೋಹದ ಒಡವೆ ಕೊಡುತ್ತಾರೆ. ಹೆಣ್ಣು ಕೊಡುವವರು ಬಟ್ಟೆ, ಹಂದಿ, ದಂತದ ಬಳೆ ಕೊಡುತ್ತಾರೆ. ಒಡವೆಗಳಲ್ಲಿ ಮುಖ್ಯವಾದದ್ದು ಮಮುಲಿ. ಚಿನ್ನ ಅಥವಾ ಬೆಳ್ಳಿಯದು, ಕೆಳಗೆ ಸೀಳು ಬಿಟ್ಟ ಉಂಗುರದಂಥ ಆಕಾರ. ಹಿಂದೆ ಕಿವಿಗೆ ಹಾಕುತ್ತಿದ್ದರು. ಹೆಣ್ಣಿನ ಅಂಗದ ಆಕಾರ ಅದು, ಅಲ್ಲಿಯವರೂ ಹಾಗೇ ಹೇಳುತ್ತಾರೆ. ಹೆಣ್ಣಿನ ಗುರುತು, ಆದರೆ ಕೊಡುವವರು ಗಂಡಿನ ಕಡೆಯವರು. ಬಟ್ಟೆ ಕೊಡುವಾಗ ಗಂಡಸರದ್ದೊಂದು, ಹೆಂಗಸರದ್ದೊಂದು, ಜೋಡಿಯಾಗಿಯೇ ಕೊಡಬೇಕು. ಮಾತಿನ ಹಾಗೆ ವಸ್ತುವೂ ಜೋಡಿ.

ಈಗ ನಿಮ್ಮ ಕಿವಿ ನೆಟ್ಟಗಾಗುವ ವಿಷಯ ಹೇಳುತ್ತೇನೆ. ಅಲ್ಲಿ ಹುಡುಗ ಯಾರನ್ನು ಮದುವೆಯಾದರೆ ಒಳ್ಳೇದು? ಸೋದರಮಾವನ ಮಗಳನ್ನು! ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆಯಲ್ಲಿ ಇದೇ ಮಾತು ಕೇಳಿಲ್ಲ. ಆದರೆ ನಾವು ಸೋದರತ್ತೆಯ ಮಗಳಾದರೂ ಆಗುತ್ತೆ ಅನ್ನುತ್ತೇವೆ. ಅಕ್ಕನ ಮಗಳನ್ನೂ ತರುವವರಿದ್ದಾರೆ. ಅಲ್ಲಿ ಸೋದರತ್ತೆಯ ಮಗಳು ಖಂಡಿತ ಕೂಡದು. ಯಾಕೆ ಗೊತ್ತಾ? ಅತ್ತೆಯನ್ನು ನಿಮ್ಮ ಮನೆಯಿಂದ ಆ ಮನೆಗೆ ಕೊಟ್ಟಿದ್ದೀರಿ. ಅಲ್ಲಿಂದ ಮತ್ತೆ ಹೆಣ್ಣು ತಂದರೆ ಹೊಳೆ ಹಿಂದಕ್ಕೆ ಹರಿದ ಹಾಗೆ. ಎ ಮನೆ ಬಿ ಮನೆಗೆ ಹೆಣ್ಣು ಕೊಡುತ್ತದೆ, ಬಿ ಮನೆ ಸಿ ಮನೆಗೆ ಕೊಡುತ್ತದೆ. ಯಾರಿಗೆ ಕೊಟ್ಟಿದ್ದೀರೋ ಅವರಿಂದ ತರುವ ಹಾಗಿಲ್ಲ, ಯಾರಿಂದ ತಂದಿದ್ದೀರೋ ಅವರಿಗೆ ಕೊಡುವ ಹಾಗಿಲ್ಲ. ಒಂದೇ ದಿಕ್ಕು. ಹೆಣ್ಣು ಕೊಟ್ಟು ಹೆಣ್ಣು ತರುವ ನಮ್ಮ ಸಾಟಿ ಸಂಬಂಧದ ಮಾತೆತ್ತಿದರೆ ಅವರು ಹೌಹಾರಿಯಾರು.

ಇನ್ನೊಂದು ತಿರುವು. ಹೆಣ್ಣು ಕೊಟ್ಟವರು ಅಲ್ಲಿ ಮೇಲಿನವರು. ಅವರು ಬಾಳು ಕೊಟ್ಟವರು, ಮೂಲ. ಅಳಿಯನ ಕಡೆಯವರು ಅವರ ಮುಂದೆ ಬಗ್ಗಿ ನಡೆಯಬೇಕು, ಅವರ ಮನೆಯ ಸಾವಿಗೆ ಪ್ರಾಣಿ ಹೊಡೆದುಕೊಂಡು ಹೋಗಬೇಕು. ಹೆಣ್ಣು ಹೆತ್ತ ತಪ್ಪಿಗೆ ಬೀಗರ ಮುಂದೆ ಕೈಕಟ್ಟಿ ನಿಂತವರು ಈ ಸಭೆಯಲ್ಲೂ ಇದ್ದೀರಿ, ಅಲ್ವಾ? (ಇಲ್ಲಿ ಮುಂದಿನ ಸಾಲಿನ ಒಬ್ಬರು ಜೋರಾಗಿ "ಹೌದು" ಅಂದರು.)

ಆದರೆ ಇದನ್ನು ಕೇಳಿ ಅಲ್ಲಿ ಹೆಣ್ಣುಮಕ್ಕಳ ಪಾಡು ಬಹಳ ಚೆನ್ನಾಗಿದೆ ಅಂದುಕೊಂಡರೆ ಮೋಸ ಹೋದಿರಿ. ಮೇಲು ಅನ್ನಿಸಿಕೊಳ್ಳುವುದು ಹೆಣ್ಣಿನ ತಂದೆ, ಅಣ್ಣತಮ್ಮಂದಿರು, ಅವರ ಕುಲ. ಹುಡುಗಿಯನ್ನು ಕೇಳಿದ್ದು ಕಡಿಮೆ. ಸುಂಬಾದಲ್ಲಿ ಹುಡುಗಿಯನ್ನು ಎತ್ತಿಕೊಂಡು ಹೋಗಿ ಮದುವೆ ಮಾಡುವುದೊಂದಿದೆ. ಕವಿನ್ ತಂಕಪ್ ಅಂತ ಇಂಡೊನೇಷ್ಯಾದ ಮಾತಿನಲ್ಲಿ ಹೆಸರು. 2020ರ ಜೂನ್‌ನಲ್ಲಿ ಮಧ್ಯ ಸುಂಬಾದಲ್ಲಿ ನಡೆದ ಅಂಥ ಘಟನೆಯ ವಿಡಿಯೋ ಇಡೀ ದೇಶದಲ್ಲಿ ಓಡಾಡಿತು. ಹೆಣ್ಣುಮಕ್ಕಳ ಸಂಘಟನೆಗಳು ಬೀದಿಗೆ ಬಂದವು. ಮುಂದಿನ ತಿಂಗಳೇ ಮಹಿಳಾ ಖಾತೆಯ ಸಚಿವೆ ದ್ವೀಪಕ್ಕೆ ಬಂದರು. ದ್ವೀಪದ ಆಡಳಿತದವರು ಇದನ್ನು ನಿಲ್ಲಿಸುತ್ತೇವೆ ಅಂತ ಸಹಿ ಹಾಕಿದರು. ಆದರೂ 2023ರಲ್ಲಿ ನೈಋತ್ಯ ಸುಂಬಾದಲ್ಲಿ ಮತ್ತೆ ನಡೆಯಿತು. ಆ ಸಲ ಪೊಲೀಸರು ಹಿಡಿದರು. ಕೆಲವರು ಇದು ನಮ್ಮ ಸಂಪ್ರದಾಯ ಅನ್ನುತ್ತಾರೆ. ನನಗೇನೋ ಆ ವಾದ ಅವರದೇ ಲೆಕ್ಕದಲ್ಲಿ ನಿಲ್ಲುವುದಿಲ್ಲ ಅನಿಸುತ್ತದೆ. ಒಂದು ಅಡಿಕೆ ದಾಟಿಸುವುದಕ್ಕೂ ಮಾತು ಬೇಕು ಅನ್ನುವ ಜನ, ಒಬ್ಬ ಹುಡುಗಿಯನ್ನು ಒಂದು ಮಾತೂ ಇಲ್ಲದೆ ಗಾಡಿಗೆ ಎತ್ತಿ ಹಾಕಿಕೊಳ್ಳುವುದು ಯಾವ ಸೀಮೆ ಸಂಪ್ರದಾಯ?

ಅಂತಸ್ತಿನ ವಿಷಯವೂ ಇದೆ. ಹಿಂದೆ ಒಡೆಯರು, ಸಾಮಾನ್ಯರು, ಆಳುಗಳು ಅಂತ ಮೂರು ಮೆಟ್ಟಿಲು. ಆಳುಗಳು ಅಂದರೆ ಹುಟ್ಟಿನಿಂದಲೇ ಆಳುಗಳು. ಅದರ ನೆರಳು ಪೂರ್ತಿ ಹೋಗಿಲ್ಲ. ಕುಲಕ್ಕೆ ಪೂರ್ವದಲ್ಲಿ ಕಬಿಹು ಅಂದರೆ, ಪಶ್ಚಿಮದಲ್ಲಿ ಕಬಿಸು. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲು ಆಯಿತಲ್ಲ, ಅಂಥದ್ದೇ ಚಮತ್ಕಾರ. ವ್ಯಾಕರಣದ ಮೇಷ್ಟ್ರುಗಳಿಗೆ ಖುಷಿಯಾಗಲಿ ಅಂತ ಹೇಳಿದೆ, ಮುಂದೆ ಹೋಗೋಣ.

ದಿನದ ಬದುಕು ಅಂದರೆ ಗೇಯುವುದೇ. ಜೋಳ ಅಂದರೆ ಮುಸುಕಿನ ಜೋಳ, ಭತ್ತ, ಗೆಣಸು. ಗದ್ದೆ ಹದ ಮಾಡುವುದು ಮಾತ್ರ ನೋಡುವ ಹಾಗಿರುತ್ತದೆ. ನೇಗಿಲು ಹೂಡುವ ಬದಲು ಕೋಣ, ಎಮ್ಮೆಗಳ ಹಿಂಡನ್ನೇ ನೀರು ನಿಂತ ಗದ್ದೆಗೆ ಇಳಿಸಿ ಸುತ್ತ ಸುತ್ತ ಓಡಿಸುತ್ತಾರೆ. ಕೂಗಿ, ಚಪ್ಪರಿಸಿ, ತಿರುಗಿಸಿ. ಕಾಲ್ತುಳಿತಕ್ಕೆ ಮಣ್ಣು ಗೊಜ್ಜಾಗುತ್ತದೆ. ಹಿಂಡು ಇಲ್ಲದವನು ಹಿಂಡು ಇದ್ದವನ ಹತ್ತಿರ ಹೋಗಬೇಕು. ಆ ಋಣ ಇನ್ನೆಲ್ಲೋ ತೀರಿಸಬೇಕು. ಹೀಗೆ ಎಮ್ಮೆ ಹೊಲದಲ್ಲೂ ಬಂಡವಾಳ, ಮದುವೆಯಲ್ಲೂ ಬಂಡವಾಳ, ಸಾವಿನಲ್ಲಿ ಅಂತೂ ಹೇಳುವುದೇ ಬೇಡ.

ಸಾವಿಗೆ ಬಂದರೆ ಕಲ್ಲಿಗೆ ಬಂದ ಹಾಗೆ. ಅನಕಲಂಗಿನ ಹಳ್ಳಿಗಳಲ್ಲಿ ಸಮಾಧಿಗಳು ಊರಾಚೆ ಇಲ್ಲ, ಮನೆ ಮುಂದಿನ ಅಂಗಳದಲ್ಲೇ ಇವೆ. ದೊಡ್ಡ ಕಲ್ಲಿನ ಪೆಟ್ಟಿಗೆ, ಇಲ್ಲವೇ ಕಲ್ಲುಕಂಬಗಳ ಮೇಲೆ ಚಪ್ಪಡಿ. ಅದರ ಮೇಲೆ ಮಕ್ಕಳು ಆಡುತ್ತಾರೆ, ಹೆಂಗಸರು ಕಾಳು ಒಣಹಾಕುತ್ತಾರೆ. ಪಸುಂಗಾ ಅನ್ನುವ ಹಳ್ಳಿಯಲ್ಲಿ ಗಂಡು ಹೆಣ್ಣಿನ ಆಕೃತಿ ಕೆತ್ತಿದ ನಿಂತ ಕಲ್ಲೊಂದಿದೆ. 1926ರ ಸಮಾಧಿ ಅದು. ಕೆತ್ತುವುದಕ್ಕೆ ಆರು ತಿಂಗಳು ಹಿಡಿಯಿತು, ಸಾವಿನ ಕಾರ್ಯಕ್ಕೆ 150 ಕೋಣ ಬಿದ್ದವು ಅನ್ನುತ್ತಾರೆ. ಕಬೊಂಡುಕ್ ಅನ್ನುವಲ್ಲಿ ದ್ವೀಪದಲ್ಲೇ ಭಾರದ ಸಮಾಧಿ ಇದೆಯಂತೆ, 70 ಟನ್ ಅಂತ ಹೇಳುತ್ತಾರೆ. ಎರಡು ಸಾವಿರ ಜನ ಮೂರು ವರ್ಷ ದುಡಿದು ಗುಡ್ಡದಿಂದ ಕಡಿದು ಎಳೆದು ತಂದರು ಅನ್ನುವುದು ಊರ ಮಾತು. ಲೆಕ್ಕ ಸ್ವಲ್ಪ ಆಚೀಚೆ ಇರಬಹುದು, ಕಲ್ಲಂತೂ ಅಲ್ಲಿದೆ.

ಕಲ್ಲು ಎಳೆಯುವುದು ಸುಮ್ನೆ ಕೂಲಿ ಕೆಲಸ ಅಲ್ಲ. ಮರದ ದಿಮ್ಮಿಗಳ ಜಾರುಗಾಡಿಯ ಮೇಲೆ ಚಪ್ಪಡಿ ಇಟ್ಟು ಬಳ್ಳಿಯ ಹಗ್ಗ ಕಟ್ಟುತ್ತಾರೆ. ಸುಂಬಾದ ಕೆಲವು ಕಡೆ ಅದನ್ನು ಹಡಗು ಅಂತಲೇ ಕರೆದು ಮೇಲೆ ಬಟ್ಟೆಯ ಹಾಯಿ ಏರಿಸುತ್ತಾರೆ. ಒಬ್ಬ ಕಲ್ಲಿನ ಮೇಲೆ ನಿಂತು ಹಾಡುತ್ತಾನೆ, ನೂರಾರು ಜನ ಓಗೊಟ್ಟು ಎಳೆಯುತ್ತಾರೆ. ಎಳೆಯುವವರಿಗೆಲ್ಲ ದಿನಾ ಊಟ, ಮಾಂಸ. ಮಾತಿಲ್ಲದೆ ಕಲ್ಲೂ ಕದಲುವುದಿಲ್ಲ ಅನ್ನಿ.

ನಾನು ಹೈಸ್ಕೂಲಿನಲ್ಲಿದ್ದಾಗ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿದ್ದೆ. ಮೋರೇರ ಗುಡ್ಡ ಅನ್ನುತ್ತಾರೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಕಲ್ಲಿನ ಗೂಡುಗಳು, ಕೆಲವಕ್ಕೆ ದುಂಡನೆ ಕಿಂಡಿ. ನಾನೂರರಷ್ಟು ಇವೆ. ಎರಡು ಸಾವಿರ ವರ್ಷಕ್ಕೂ ಹಿಂದಿನವು. ದನ ಕಾಯುತ್ತಿದ್ದ ಒಬ್ಬ ಮುದುಕನನ್ನು ಯಾರು ಕಟ್ಟಿದ್ದು ಅಂತ ಕೇಳಿದೆ. "ಮೋರೇರು ಅಂತ ಗಿಡ್ಡ ಮಂದಿ ಇದ್ರಪ್ಪ" ಅಂದ, ಅಷ್ಟೇ. ನಮ್ಮಲ್ಲಿ ಕಲ್ಲು ಉಳಿದು ಮಾತು ಹೋಗಿದೆ. ಯಾರ ಹೆಸರು ಹೇಳಿ ಎತ್ತಿದರು, ಎಷ್ಟು ದನ ಕಡಿದರು, ಎಳೆಯುವಾಗ ಏನು ಹಾಡಿದರು, ಒಂದೂ ಇಲ್ಲ. ಅನಕಲಂಗಿನಲ್ಲಿ ಅದೇ ಥರದ ಕಲ್ಲಿನ ಮುಂದೆ ನಿಂತು ಕೇಳಿದರೆ ಮೊಮ್ಮಗ ಹೇಳುತ್ತಾನೆ.

ಹಬ್ಬದ ವಿಷಯ ಒಂದು ಮಾತು. ಲಾಯ್ ತರುಂಗ್ ಅಂತ ಗುಡ್ಡದ ಮೇಲೆ ಹಳೇ ಊರಿದೆ. ಹಲವು ಕುಲಗಳು ತಮ್ಮ ಮೂಲ ಅಲ್ಲೇ ಅನ್ನುತ್ತವೆ. ಅಲ್ಲಿ ನಡೆಯುವ ಹಬ್ಬದ ಹೆಸರು ಪುರುಂಗ್ ತಾ ಕಡೊಂಗಾ. ಕಣಿವೆಗೆ ಇಳಿಯುವುದು ಅಂತ ಅರ್ಥ. ಕುದುರೆ ಮೇಲೆ ಈಟಿ ಎಸೆಯುವ ಪಸೋಲಾ ಅನ್ನುವ ಆಟದ ಚಿತ್ರ ನೀವು ನೋಡಿರಬಹುದು. ಅದೂ ಸುಂಬಾದ್ದೇ, ಆದರೆ ಪಶ್ಚಿಮದ ಕೊಡಿ, ಲಂಬೋಯಾ, ವನೊಕಾಕಾ ಕಡೆಯದು. ಪ್ರವಾಸದ ಜಾಹೀರಾತಿನಲ್ಲಿ ಇಡೀ ದ್ವೀಪವನ್ನು ಅದೊಂದರಲ್ಲೇ ಮುಗಿಸುತ್ತಾರೆ.

ಈಗ ಕ್ರೈಸ್ತ ಧರ್ಮ ಬಂದ ಕಥೆ. 20ನೇ ಶತಮಾನದ ಶುರುವಿನಲ್ಲಿ ಡಚ್ಚರ ಆಡಳಿತದ ಜೊತೆಜೊತೆಗೇ ಪ್ರಾಟೆಸ್ಟಂಟ್ ಪಾದ್ರಿಗಳು ನೆಲೆಯೂರಿದರು. 1947ರಲ್ಲಿ ಸುಂಬಾದವರದ್ದೇ ಆದ ಚರ್ಚು ಸ್ವತಂತ್ರವಾಯಿತು. ಆದರೆ ಬಹಳ ದಿನ ಸೇರಿದವರು ಕಡಿಮೆ. 1965ರ ನಂತರ ಇಂಡೊನೇಷ್ಯಾದಲ್ಲಿ ಧರ್ಮ ಇಲ್ಲ ಅಂದರೆ ಕಮ್ಯುನಿಸ್ಟ್ ಅನ್ನುವ ಅನುಮಾನ, ಕಮ್ಯುನಿಸ್ಟ್ ಅಂದರೆ ಪ್ರಾಣಕ್ಕೇ ಸಂಚಕಾರ. ಮರಾಪುವನ್ನು ಸರ್ಕಾರ ಧರ್ಮ ಅಂತ ಒಪ್ಪಿರಲಿಲ್ಲ. ಅವರನ್ನು 'ಇನ್ನೂ ಧರ್ಮ ಇಲ್ಲದವರು' ಅಂತ ಬರೆಯುತ್ತಿದ್ದರು. ಆ 'ಇನ್ನೂ' ನೋಡಿ! 1980ರ ದಶಕದಲ್ಲಿ ಅನಕಲಂಗಿನ ಬಹಳ ಜನ ಚರ್ಚಿಗೆ ಹೋದರು.

ಅಲ್ಲಿ ಜಗಳ ಹತ್ತಿದ್ದು ದೇವರ ಬಗ್ಗೆ ಅಷ್ಟಲ್ಲ, ಮಾತಿನ ಬಗ್ಗೆ. ಪಾದ್ರಿ ಹೇಳುವುದು: ಕಣ್ಣು ಮುಚ್ಚಿ, ಮನಸ್ಸಿನಿಂದ, ನಿನ್ನದೇ ಮಾತಿನಲ್ಲಿ ಪ್ರಾರ್ಥನೆ ಮಾಡು. ದೇವರಿಗೆ ಕೋಳಿ ಬೇಡ. ಮರಾಪುವಿನವನಿಗೆ ಇದು ಅರ್ಥವೇ ಆಗುವುದಿಲ್ಲ. ಕೈಯಲ್ಲಿ ಏನೂ ಇಲ್ಲದೆ, ಪೂರ್ವಜರ ಮಾತೂ ಇಲ್ಲದೆ, ಕಣ್ಣೂ ಮುಚ್ಚಿಕೊಂಡು ಹೇಳಿದ್ದನ್ನು ಯಾರು ಕೇಳಿಸಿಕೊಳ್ಳಬೇಕು? ಕ್ರೈಸ್ತನಿಗೆ ಮರಾಪುವಿನವನು ಕಲ್ಲಿಗೆ, ಚಿನ್ನಕ್ಕೆ ಕೈಮುಗಿಯುವವನ ಹಾಗೆ ಕಾಣುತ್ತಾನೆ. ಬಲಿ ಕೊಟ್ಟ ಮಾಂಸ ತಿನ್ನಬಹುದೇ ಅನ್ನುವುದೇ ದೊಡ್ಡ ಚರ್ಚೆ. ಬೇಡ ಅಂದರೆ ನೆಂಟಸ್ತಿಕೆ ಮುರಿಯುತ್ತದೆ. ಒಂದೇ ಮನೆಯಲ್ಲಿ ಅಣ್ಣ ಚರ್ಚಿಗೆ, ತಮ್ಮ ಮರಾಪುವಿಗೆ. ಅಪ್ಪ ಸತ್ತರೆ ಏನು ಮಾಡುತ್ತೀರಿ?

ದಾರಿ ಕಂಡುಕೊಂಡರು. ಇದು ಧರ್ಮ, ಅದು ಸಂಪ್ರದಾಯ ಅಂತ ಎರಡು ಡಬ್ಬಿ ಮಾಡಿದರು. ಪ್ರಾರ್ಥನೆ ಚರ್ಚಿನದ್ದು. ಕುದುರೆ, ಮಮುಲಿ, ಬಟ್ಟೆ ಕೊಡುಕೊಳ್ಳುವುದು ಸಂಪ್ರದಾಯ. ಅದು ಬರೀ ಗುರುತು, ಗೌರವದ ಸಂಕೇತ ಅಂತ ಹೊಸ ತಲೆಮಾರಿನವರು ಹೇಳಿಕೊಳ್ಳತೊಡಗಿದರು. ಸಂಕೇತ ಅಂದ ಮೇಲೂ ಕುದುರೆ ಒಂದು ಕಡಿಮೆಯಾದರೆ ಎದ್ದು ಹೊರಡುವುದು ಮಾತ್ರ ನಿಂತಿಲ್ಲ.

ಮರಾಪುವಿನಲ್ಲೇ ಉಳಿದವರ ಕಷ್ಟ ಕಾಗದದ್ದು. ಇಂಡೊನೇಷ್ಯಾದಲ್ಲಿ ಸರ್ಕಾರ ಒಪ್ಪಿದ ಧರ್ಮ ಆರು: ಇಸ್ಲಾಂ, ಪ್ರಾಟೆಸ್ಟಂಟ್, ಕ್ಯಾಥೊಲಿಕ್, ಹಿಂದೂ, ಬೌದ್ಧ, ಕನ್‌ಫ್ಯೂಷಿಯನ್. ಗುರುತಿನ ಚೀಟಿಯಲ್ಲಿ ಧರ್ಮದ ಕಾಲಂ ಇದೆ. ಮರಾಪು ಅಂತ ಬರೆಯುವ ಹಾಗಿಲ್ಲ. ಖಾಲಿ ಬಿಟ್ಟರೆ ಮದುವೆ ನೋಂದಣಿಗೆ, ಮಗುವಿನ ಜನನ ಪತ್ರಕ್ಕೆ ತೊಡಕಾಗುತ್ತಿತ್ತು. ಹಾಗಾಗಿ ಎಷ್ಟೋ ಜನ ಸುಮ್ನೆ ಕ್ರೈಸ್ತ ಅಂತ ಬರೆಸಿಕೊಂಡರು. ಕೊನೆಗೆ ನಾಲ್ಕು ಜನ ಸಂವಿಧಾನ ನ್ಯಾಯಾಲಯಕ್ಕೆ ಹೋದರು. ಅವರಲ್ಲಿ ಒಬ್ಬರು ಸುಂಬಾದ ಮರಾಪು ಅನುಯಾಯಿ. 2017ರ ನವೆಂಬರ್‌ನಲ್ಲಿ ತೀರ್ಪು ಅವರ ಪರವಾಗಿ ಬಂತು. ಈಗ ಆ ಕಾಲಂನಲ್ಲಿ ಬರೆಯಬಹುದು. ಆದರೆ ಮರಾಪು ಅಂತ ಅಲ್ಲ. ಇಂಥ ಎಲ್ಲ ನಂಬಿಕೆಗಳಿಗೂ ಸೇರಿ ಒಂದೇ ಸಾಲು, 'ಏಕೈಕ ಪರಮ ದೇವರಲ್ಲಿ ನಂಬಿಕೆ' ಅಂತ. ಹೆಸರು ಎತ್ತಬಾರದ ದೇವರಿಗೆ ಹೆಸರಿಲ್ಲದ ಸಾಲು ಸರಿಹೋಯಿತೋ, ಕುಲದ ಮರಾಪುಗಳ ಹೆಸರು ಬಿಟ್ಟುಹೋಯಿತಲ್ಲ ಅನ್ನಬೇಕೋ, ನನಗೆ ಎರಡೂ ಅನಿಸುತ್ತದೆ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

(ಹಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಬರೆದಿದ್ದೇನೆ.)

ಕಾಲೇಜು ಹುಡುಗನೊಬ್ಬ, "ಸರ್, ಈಗಲೂ ಕಲ್ಲು ಎಳೀತಾರಾ?" ಅಂತ ಕೇಳಿದ. ಎಳೆಯುವವರು ಇದ್ದಾರೆ, ಆದರೆ ಜಾಸ್ತಿ ಸಿಮೆಂಟು ಬಂದಿದೆ ಅಂದೆ. ಸಿಮೆಂಟಿನ ಸಮಾಧಿ, ಮೇಲೆ ಬಚ್ಚಲಮನೆಗೆ ಹಾಕುವಂಥ ಟೈಲ್ಸು, ತಲೆಯ ಕಡೆ ಶಿಲುಬೆ. ಕಲ್ಲೇ ಬೇಕು ಅನ್ನುವವರಿಗೆ ಲಾರಿಯೂ ಇದೆ. ಪ್ರಾಣಿ ಕಡಿಯುವುದಕ್ಕೆ ಮಿತಿ ಹಾಕಲು ಸರ್ಕಾರ ಮತ್ತೆ ಮತ್ತೆ ನೋಡಿದೆ. ಸಾವಿಗೆ ಬಂದವರು ಹಂದಿ, ಕೋಣ ತಂದೇ ತರುತ್ತಾರೆ. ಬಾಗಿಲ ಹತ್ತಿರ ಒಬ್ಬ ನೋಟ್‌ಬುಕ್ ಹಿಡಿದು ಕೂತು ಯಾರು ಏನು ತಂದರು ಅಂತ ಬರೆದುಕೊಳ್ಳುತ್ತಾನೆ. ನಾಳೆ ಅವರ ಮನೆಯ ಸಾವಿಗೆ ಅಷ್ಟೇ ಒಯ್ಯಬೇಕಲ್ಲ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ನಿಂತರು. "ಆ ಪುಸ್ತಕ ಯಾರ ಹತ್ರ ಇಟ್ಕೊಂಡಿರ್ತಾರೆ?"

"ಸತ್ತವರ ಮನೆಯವರ ಹತ್ತಿರ ಅಮ್ಮ."

"ಅಂದ್ರೆ ನಮ್ಮ ಮುಯ್ಯಿ ಪುಸ್ತಕ ಇದ್ದಂಗೆ ಅನ್ನಿ. ನನ್ನ ಮದುವೇದು ಇನ್ನೂ ನಮ್ಮಣ್ಣನ ಮಗನ ಹತ್ರ ಐತೆ. ಯಾರೋ ಒಬ್ರು ಎರಡು ರೂಪಾಯಿ ಅಂತ ಹೇಳಿ ಒಂದೇ ಕೊಟ್ಟಿದ್ರು, ಅದನ್ನೂ ಬರ್ಕೊಂಡವ್ರೆ" ಅಂದು ಕೂತರು.